ಮಡಿಲ ತುಂಬ ಕಡಾಣಿ

ಬಿಂಡಿಗನವಿಲೆಯಲ್ಲಿ ಜನ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದುದು ಎರಡಕ್ಕೆ. ಒಂದು, ಹಗ್ಗ ಕಿತ್ತುಕೊಂಡು ಬಂದ ಹೋರಿಗೆ. ಇನ್ನೊಂದು, ಆಚಾರಿ ಕೇರಿಯ ದೊಡ್ಡತಾಯಮ್ಮನಿಗೆ. ಹೋರಿಯಾದರೂ ಓಡಿ ಓಡಿ ಸುಸ್ತಾದ ಮೇಲೆ ಎಲ್ಲೋ ಒಂದು ಕಡೆ ನಿಂತು ಮೇಯುತ್ತಿತ್ತು. ದೊಡ್ಡತಾಯಮ್ಮನ ಬಾಯಿಗೆ ಆ ಸುಸ್ತು ಗೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಶುರುವಾದ ಬೈಗುಳ ಸಂಜೆ ದೀಪ ಹಚ್ಚುವಾಗಲೂ ನಡೆದೇ ಇರುತ್ತಿತ್ತು. ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರಲ್ಲ, ಅವಳ ಮೂಗಿಗೆ ಮೂಗುತಿ ಹಾಕಲು ಜಾಗವೇ ಉಳಿದಿಲ್ಲ ಎಂದು ಕೇರಿಯ ಹೆಂಗಸರು ನಗುತ್ತಿದ್ದರು, ಅವಳಿಲ್ಲದಾಗ.

ಆದರೆ ಸುಮ್ಮಸುಮ್ಮನೆ ಬೈಯುವವಳಲ್ಲ. ಅವಳ ಸಿಟ್ಟಿನಲ್ಲಿ ಹುರುಳಿಲ್ಲ ಎನ್ನುವವರು ಅವಳು ಮಾಡಿಕೊಟ್ಟ ಕೀಲೆಣ್ಣೆ ಇಲ್ಲದೆ ನಾಗಮಂಗಲದ ಸಂತೆಗೆ ಗಾಡಿ ಹೊಡೆದು ನೋಡಬೇಕಿತ್ತು. ಗಾಡಿಯ ಅಚ್ಚಿಗೂ ಚಕ್ರದ ನಡುವಿನ ಗುಂಬಕ್ಕೂ ಮಧ್ಯೆ ಬಳಿಯುವ ಕಪ್ಪು ಜಿಡ್ಡೇ ಕೀಲೆಣ್ಣೆ. ಹರಳು ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಗೆ ನೆಲ್ಲುಹುಲ್ಲು ಸುಟ್ಟ ಕರಿಯನ್ನು ಬೆರೆಸಬೇಕು. ಊರಿನವರು ಕರಿಯನ್ನು ಹಾಗೇ ಉದುರಿಸಿ ಕಡ್ಡಿಯಲ್ಲಿ ತಿರುವುತ್ತಿದ್ದರು. ದೊಡ್ಡತಾಯಮ್ಮ ಅದನ್ನು ಹಳೇ ಪಂಚೆಯಲ್ಲಿ ಸೋಸುತ್ತಿದ್ದಳು, ಎರಡು ಬೆರಳ ನಡುವೆ ಉಜ್ಜಿ ನೋಡುತ್ತಿದ್ದಳು. ಒಂದು ಮರಳಿನ ಕಾಳು ಸಿಕ್ಕಿದರೂ ಆ ಮಡಕೆಯನ್ನು ತಿಪ್ಪೆಗೆ ಸುರಿದು, ಅಂಗಳ ಗುಡಿಸಿದವರ ವಂಶವನ್ನೇ ಜಾಲಾಡುತ್ತಿದ್ದಳು. ಅಂಗಳ ಗುಡಿಸಿದವಳು ಅವಳೇ ಆಗಿರುತ್ತಿದ್ದಳು. ಅದಕ್ಕೂ ರಿಯಾಯಿತಿ ಇರಲಿಲ್ಲ.

ಈ ಬುದ್ಧಿ ಅವಳಿಗೆ ಬಂದದ್ದು ತೌರಿನಿಂದ. ಹೊಣಕೆರೆಯ ವೀರಾಚಾರಿ ಅವಳ ಅಪ್ಪ. ಚಕ್ರ ಕಟ್ಟುವುದರಲ್ಲಿ ಅವನ ಕೈ ದೊಡ್ಡದು, ಮಾತು ಚಿಕ್ಕದು. ಅಚ್ಚನ್ನು ಗುಂಬಕ್ಕೆ ತೂರಿಸಿದ ಮೇಲೆ ಸುತ್ತಲೂ ಎಷ್ಟು ಸಂದು ಬಿಡಬೇಕು ಎಂಬುದಕ್ಕೆ ಅವನ ಬಳಿ ಅಳತೆಕೋಲು ಇರಲಿಲ್ಲ. ವೀಳ್ಯದೆಲೆ ಹೋಗಬೇಕು, ಹಲಸಿನೆಲೆ ಹೋಗಬಾರದು. ಸಂದು ಹೆಚ್ಚಾದರೆ ಎಣ್ಣೆ ಸೋರಿ ದಾರಿಯ ಪಾಲು. ಸಂದು ಇಲ್ಲವಾದರೆ ಎಣ್ಣೆಗೆ ಒಳಗೆ ಬರಲು ಬಾಗಿಲೇ ಇಲ್ಲ, ಮರ ಕಬ್ಬಿಣವನ್ನು ತಿನ್ನುತ್ತದೆ, ಕಬ್ಬಿಣ ಮರವನ್ನು ಸುಡುತ್ತದೆ. ಆ ಎಲೆಯಷ್ಟು ತೆಳ್ಳಗಿನ ಎಣ್ಣೆಯೇ ಇಡೀ ಗಾಡಿಯನ್ನು ಹೊರುವುದು, ಎತ್ತು ಎಳೆಯುತ್ತದೆ ಅಷ್ಟೆ, ಎಂದು ಅವನು ಹೇಳುತ್ತಿದ್ದ.

ಒಮ್ಮೆ ಚಿಕ್ಕವಳಿದ್ದಾಗ ದೊಡ್ಡತಾಯಮ್ಮ ಅಪ್ಪನ ಎರಡು ಸಾಣೆಕಲ್ಲುಗಳನ್ನು ಒದ್ದೆ ಮಾಡಿ ಒಂದರ ಮೇಲೊಂದು ಇಟ್ಟು, ಉಜ್ಜಿ, ಒತ್ತಿ ಮರೆತುಬಿಟ್ಟಿದ್ದಳು. ಆಮೇಲೆ ಎಳೆದರೆ ಬರಲಿಲ್ಲ. ಜಗ್ಗಿದಳು, ಕಾಲು ಕೊಟ್ಟು ಎಳೆದಳು, ಕೊನೆಗೆ ಕಲ್ಲಿಗೆ ಉಗಿದು ಅತ್ತಳು. ಅಪ್ಪ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಕೊಡದಲ್ಲಿರೋ ನೀರೇ ಬೇರೆ, ಸಂದೀಲಿರೋ ನೀರೇ ಬೇರೆ ಕಣವ್ವ," ಎಂದ. "ಕೊಡದಲ್ಲಿದ್ರೆ ಯಾರ್ ಬಗ್ಗಿಸಿದ್ರೂ ಓಡ್ತದೆ. ಎಲ್ಡು ಕಲ್ಲಿನ ಸಂದೀಗೆ ಸಿಕ್ಕಾಕೊಂಡ್ರೆ ಅದುಕ್ಕೆ ಮೊಂಡ್ತನ ಬರ್ತದೆ. ಒಳೀಕೆ ಬರೋಕೂ ನಿದಾನ, ಆಚೀಕೆ ಓಗೋಕೂ ನಿದಾನ. ನೀನು ಜಗ್ಗಿದಷ್ಟೂ ಅದು ಇಡ್ಕತದೆ. ಒಂದಂಚಿಗೆ ಒಸಿ ನೀರು ಬುಡು, ಮೆಲ್ಲಗೆ ಎತ್ತು. ರೊಟ್ಟಿ ಎಬ್ಬಿಸಲ್ವಾ, ಅಂಗೆ."

ಅವಳು ಅಂಚಿಗೆ ನೀರು ಬಿಟ್ಟು ಮೆಲ್ಲಗೆ ಎತ್ತಿದಳು. ಕಲ್ಲು ಬಿಟ್ಟುಕೊಂಡಿತು. ಮೆಲ್ಲಗೆ ಎಂಬ ಮಾತು ಅವಳ ಬಾಳಿನಲ್ಲಿ ನಡೆದದ್ದು ಆ ಕಲ್ಲಿನ ಹತ್ತಿರ ಮತ್ತು ಚಕ್ರದ ಹತ್ತಿರ ಮಾತ್ರ.

ಅವಳನ್ನು ಕೊಟ್ಟದ್ದು ಬಿಂಡಿಗನವಿಲೆಯ ಕಾಳಾಚಾರಿಗೆ. ಅವನೂ ಚಕ್ರದ ಕೆಲಸದವನೇ, ಒಳ್ಳೆಯ ಕಸುಬುಗಾರನೇ, ಆದರೆ ಬೆನ್ನಿಗೆ ಮೂಳೆ ಇಟ್ಟವನು ಕತ್ತಿಗೆ ಇಡುವುದನ್ನು ಮರೆತಿದ್ದ. ಯಾರು ಏನು ಹೇಳಿದರೂ ಆ ತಲೆ ಹೂಂ ಎಂದು ಆಡುತ್ತಿತ್ತು. ಗೌಡ ಹೇಳಿದರೂ ಹೂಂ, ತಳವಾರ ಹೇಳಿದರೂ ಹೂಂ. ಹೆಂಡತಿ ಹೇಳಿದರೂ ಹೂಂ ಅನ್ನುತ್ತಿದ್ದನಾದ್ದರಿಂದ ಮನೆ ನಡೆಯುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಎದುರು ಮಾತಾಡಿರಲಿಲ್ಲ, ಅವಳು ಅವನ ಮೇಲೆ ಕೂಗುವುದನ್ನು ಬಿಟ್ಟಿರಲಿಲ್ಲ. ಇಬ್ಬರಿಗೂ ಅದು ಒಗ್ಗಿಹೋಗಿತ್ತು.

ಇದು ಸುಲ್ತಾನರ ಕಾಲದ ಮಾತು. ಇಂಗ್ಲಿಷರ ಜೊತೆಗಿನ ಹಿಂದಿನ ಲಡಾಯಿ ಮುಗಿದು ಒಂದೆರಡು ವರ್ಷ ಕಳೆದಿತ್ತು. ಲಡಾಯಿಯಲ್ಲಿ ಆ ಕಡೆಯ ದಂಡೂ ನಮ್ಮ ಹೊಲ ಮೇಯಿಸಿತು, ಈ ಕಡೆಯ ದಂಡೂ ಮೇಯಿಸಿತು, ಅದು ಬೇರೆ ಮಾತು. ಈಗ ಪಟ್ಟಣದ ಕೋಟೆಯನ್ನು ಇನ್ನೂ ಗಟ್ಟಿ ಮಾಡಬೇಕಂತೆ. ಹಿರೋಡೆಯ ಬಂಡೆಗಳಿಂದ ಚಪ್ಪಡಿ ಕಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಬೇಕಂತೆ. ಊರೂರಿನ ಗಾಡಿ ಬಿಟ್ಟಿ ಬರಬೇಕು, ಗಾಡಿಯ ಹಿಂದೆ ರಿಪೇರಿಗೆ ಆಚಾರಿ ಬರಬೇಕು, ಎಂದು ಸಾರಿದರು. ಈಗ ಪಾಂಡವಪುರ ಎನ್ನುತ್ತಾರಲ್ಲ, ಆಗ ಅದೇ ಹಿರೋಡೆ.

"ಕೋಟೆ ಕಾಯೋದು ಯಾರ್ನ?" ಎಂದು ದೊಡ್ಡತಾಯಮ್ಮ ಸಾರುವವನ ತಮಟೆಯ ಮುಂದೆಯೇ ನಿಂತು ಕೇಳಿದಳು. "ಒಳಗಿರೋರ್ನ. ಕಲ್ಲು ಒರೋರ್ಯಾರು? ಆಚೆಗಿರೋರು. ಲಡಾಯಿ ಬಂದಾಗ ಬಾಗ್ಲು ಯಾರ್ ಮೊಕಕ್ಕೆ ಆಕ್ತಾರೆ? ನಮ್ ಮೊಕಕ್ಕೆ. ನಮ್ ಮೊಕಕ್ಕೆ ಆಕೋ ಬಾಗ್ಲ ನಾವೇ ಒತ್ಕೊಂಡೋಗಿ ಕೊಡ್ಬೇಕಾ?"

ತಮಟೆಯವನು ಮುಂದಿನ ಬೀದಿಗೆ ಹೋದ. ಕಾಳಾಚಾರಿ ಉಳಿ, ಬಾಚಿ, ಸುತ್ತಿಗೆ ಕಟ್ಟಿಕೊಂಡ. ಕೀಲೆಣ್ಣೆಯ ಮಡಕೆಯನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ದೊಡ್ಡತಾಯಮ್ಮನೂ ಹೊರಟಳು, ಊರ ಬಾಗಿಲು ದಾಟುವವರೆಗೂ ಬೈಯುತ್ತಲೇ.

ಗಾಡಿಗಳ ಮುಂದಾಳು ಕೆಂಪಣ್ಣ. ಊರಿನ ಹಳೇ ಒಕ್ಕಲು, ಒಳ್ಳೆಯ ಜಮೀನು, ಅದಕ್ಕಿಂತ ಒಳ್ಳೆಯ ಎತ್ತಿನ ಜೋಡಿ. ಅವನ ಗಾಡಿ ಕಾಳಾಚಾರಿ ಕಟ್ಟಿದ್ದೇ. ಕೆಂಪಣ್ಣ ಕೆಟ್ಟವನಲ್ಲ. ಆದರೆ ಹಲ್ಲಿ ನುಡಿದರೆ ಕೂರುವವನು, ಬೆಕ್ಕು ಅಡ್ಡ ಬಂದರೆ ಮನೆಗೆ ಮರಳುವವನು. ಶಕುನ ನೋಡುವುದರಲ್ಲಿ ಅವನಿಗೆ ಸಿಗುತ್ತಿದ್ದ ಸುಖ ಊಟದಲ್ಲೂ ಸಿಗುತ್ತಿರಲಿಲ್ಲ.

ಹಿರೋಡೆಯಲ್ಲಿ ಚಪ್ಪಡಿ ಹೇರಿದ್ದಾಯಿತು. ಹೇರಿದ ಮೇಲೆ ಗಾಡಿ ಹೊರಡಬೇಕಲ್ಲ? ಹೊರಡಲಿಲ್ಲ. ಕೆಲಸದ ಮೇಲಿದ್ದ ಪಾರುಪತ್ತೇಗಾರನಿಗೆ ಒಳ್ಳೆಯ ಮುಹೂರ್ತ ಬೇಕಾಗಿತ್ತು. ಕೋಟೆಯ ಕಲ್ಲು ನೋಡಿ, ಕೆಟ್ಟ ಗಳಿಗೆಯಲ್ಲಿ ಹೊರಟರೆ ಗೋಡೆ ನಿಲ್ಲುವುದಿಲ್ಲ ಎಂದು ಯಾರೋ ಅವನ ಕಿವಿ ಊದಿದ್ದರು. ಎತ್ತು ಬಿಚ್ಚಿ, ಗಾಡಿಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, ದಿನದ ಮೇಲೆ ದಿನ ಕಾದರು. ಚಪ್ಪಡಿಯ ಭಾರ ಅಚ್ಚಿನ ಮೇಲೆ, ಅಚ್ಚಿನ ಭಾರ ಗುಂಬದ ಮೇಲೆ, ನಡುವೆ ಎಲೆಯಷ್ಟು ಎಣ್ಣೆ.

ದೊಡ್ಡತಾಯಮ್ಮ ಮೊದಲ ದಿನವೇ ಚಕ್ರದ ಕೆಳಗೆ ಬಗ್ಗಿ ನೋಡಿದಳು. ಎರಡನೆಯ ದಿನ ಗುಂಬದ ಬಾಯಲ್ಲಿ ಕರಿ ಜಿಡ್ಡು ತುಟಿಯಂತೆ ಹೊರಗೆ ಬಂದಿತ್ತು. ಆಮೇಲಾಮೇಲೆ ತೊಟ್ಟಿಕ್ಕಲು ತೊಡಗಿತು. ನಿಂತ ಭಾರ ಎಣ್ಣೆಯನ್ನು ನಿಧಾನವಾಗಿ ಹಿಂಡಿ ಆಚೆಗೆ ಹಾಕುತ್ತಿತ್ತು.

"ಕಲ್ಲಿಳಿಸಿ," ಎಂದಳು. "ಇಳಿಸಾಕಾಗ್ದಿದ್ರೆ ಅಚ್ಚಿನ ಕೆಳೀಕೆ ಮರದ ಊರೆ ಕೊಡಿ. ನಿಂತಿರೋ ಗಾಡೀಲಿ ಎಣ್ಣೆ ನಿಲ್ಲಲ್ಲ ಕಣ್ರಯ್ಯ, ಸತ್ತೋಯ್ತದೆ ಗಾಡಿ!"

"ನಿಂತಿರೋ ಗಾಡಿಗೆ ಎಂತ ಎಣ್ಣೆ ಬೇಕವ್ವ, ಓಡೋ ಗಾಡಿಗಲ್ವಾ?" ಎಂದು ಒಬ್ಬ ನಕ್ಕ. ಅವನ ಗಾಡಿಗೆ ಶಾಪ ಹಾಕಿದಳು, ಅವನ ನಗುವಿಗೂ ಹಾಕಿದಳು. ಇವಳದು ಇದ್ದದ್ದೇ ಎಂದು ಜನ ಮಗ್ಗುಲು ಬದಲಿಸಿ ಮಲಗಿದರು. ಹಗಲಿಡೀ ಕೂಗುವ ಕಾಗೆ ನೆಂಟರು ಬರುವ ದಿನವೂ ಕೂಗಿದರೆ ಯಾರು ಎದ್ದು ಎಸರಿಡುತ್ತಾರೆ?

ಮುಹೂರ್ತ ಬಂತು. ಬೆಳಗಾಗುತ್ತಲೇ ಪಾರುಪತ್ತೇಗಾರ ರುಮಾಲು ಕಟ್ಟಿಕೊಂಡು ಬಂದ. ತೆಂಗಿನಕಾಯಿ ಒಡೆದರು, ಎತ್ತು ಹೂಡಿದರು. ದೊಡ್ಡತಾಯಮ್ಮ ಮಡಕೆ ಹಿಡಿದು ಕೆಂಪಣ್ಣನ ಗಾಡಿಗೆ ಅಡ್ಡ ನಿಂತಳು. ಅದೇ ಮೊದಲ ಗಾಡಿ.

"ಎತ್ತು ಬಿಚ್ಚಿ, ನಾಕಾಳು ಸೇರಿ ಚಕ್ರಾನ ಕೈಯಲ್ಲಿ ಇಂದಕ್ಕೆ ಅರ್ಧ ಸುತ್ತು ಉಳ್ಳಿಸಿ. ಮೆಲ್ಲಗೆ. ನಾನು ಎಣ್ಣೆ ಬುಡ್ತೀನಿ. ಒಳೀಕೆ ಓದ್ಮೇಲೆ ವಂಡಿ."

ಇದು ಹೊಣಕೆರೆಯ ಪದ್ಧತಿ. ಬಹಳ ಹೊತ್ತು ಭಾರ ಹೊತ್ತು ನಿಂತ ಗಾಡಿಯನ್ನು ವೀರಾಚಾರಿ ಎಂದೂ ನೇರವಾಗಿ ಎತ್ತಿಗೆ ಎಳೆಯಲು ಬಿಟ್ಟವನಲ್ಲ. ಎತ್ತು ಜಗ್ಗಿದರೆ ಒಣಗಿದ ಅಚ್ಚು ಒಣಗಿದ ಗುಂಬವನ್ನು ಕೆರೆದುಬಿಡುತ್ತದೆ. ಕೈಯಲ್ಲಿ ನಿಧಾನ ಉರುಳಿಸಿದರೆ ಚಕ್ರವೇ ಎಣ್ಣೆಯನ್ನು ಸಂದಿಯೊಳಗೆ ಎಳೆದುಕೊಳ್ಳುತ್ತದೆ. ಹಿಂದಕ್ಕೇ ಏಕೆಂದರೆ, ಮುಂದೆ ನೊಗ, ಎತ್ತು. ಕೈಗೆ ಸಿಗುವುದು ಹಿಂದು ಮಾತ್ರ.

ಕೆಂಪಣ್ಣನ ಮುಖ ಬಿಳಿಚಿತು. "ಕಾಯಿ ಒಡೆದ್ಮೇಲೆ ಇಂದಕ್ಕಾ? ವಂಟ ಕಾಲು ಇಂದೀಕೆ ಇಡಬಾರ್ದು ಕಣವ್ವ. ನಮ್ಮಪ್ಪ, ನಮ್ ತಾತ, ಯಾರೂ ಇಟ್ಟೋರಲ್ಲ."

"ನಿಮ್ ತಾತ ಚಪ್ಪಡಿ ಏರಿದ್ನಾ? ಉಲ್ಲು ಏರಿದ್ದ!"

ಸುತ್ತ ಗುಂಪು ಕೂಡಿತು. ಪಾರುಪತ್ತೇಗಾರ ಆಕಾಶ ನೋಡಿದ, ಗಳಿಗೆ ಜಾರುತ್ತಿದೆ ಎಂದ. ಆಮೇಲೆ ಕಾಳಾಚಾರಿಯ ಕಡೆ ತಿರುಗಿದ. "ಏನಯ್ಯಾ ಆಚಾರಿ, ನಿನ್ನ ಗಾಡಿಗಳ ಯಜಮಾನಿಕೆ ನಿನ್ನದೋ, ಇವಳದೋ?"

ಗುಂಪಿನಲ್ಲಿ ಯಾರೋ ನಕ್ಕರು. ಕಾಳಾಚಾರಿ ಹೆಂಡತಿಯನ್ನು ನೋಡಿದ, ರುಮಾಲನ್ನು ನೋಡಿದ. ಅವಳು ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಊರಿನಲ್ಲಾಗಿದ್ದರೆ ತಾನೇ ಚಕ್ರಕ್ಕೆ ಹೆಗಲು ಕೊಡುತ್ತಿದ್ದ. ಆದರೂ ಬಾಯಿಂದ ಬಂದದ್ದು ಬೇರೆ.

"ಸುಮ್ಕಿರಮ್ಮಿ," ಎಂದ. "ಒಂದಿವ್ಸ ಸುಮ್ಕಿರು."

ದೊಡ್ಡತಾಯಮ್ಮನ ಬಾಯಿ ಮುಚ್ಚಿತು. ಊರು ಅದನ್ನು ಮೊದಲ ಬಾರಿ ನೋಡಿತು. ಅವಳಿಗೆ ಮೈಯೆಲ್ಲ ಉರಿಯಿತು, ಕಣ್ಣಲ್ಲಿ ನೀರು ಬಂತು, ಆ ನೀರಿಗೂ ಸಿಟ್ಟು ಬಂತು. ಸುಮ್ಮನಿರಬೇಕು ತಾನೇ? ಆಯಿತು. ಸುಮ್ಮನಿರುವುದು ಎಂದರೆ ಏನೆಂದು ತೋರಿಸುತ್ತೇನೆ ಎಂದುಕೊಂಡಳು. ಮಡಕೆಯನ್ನು ಸೊಂಟಕ್ಕೇರಿಸಿಕೊಂಡು ಪಕ್ಕಕ್ಕೆ ಸರಿದಳು. ಎತ್ತುಗಳು ಕುತ್ತಿಗೆ ಬಗ್ಗಿಸಿ ಜಗ್ಗಿದವು. ಚಕ್ರ ಒಮ್ಮೆ ಕಿರುಗುಟ್ಟಿ ಹೊರಟಿತು. ಕೆಂಪಣ್ಣ ಕೈ ಮುಗಿದ.

ಹಿರೋಡೆಯಿಂದ ಪಟ್ಟಣದ ದಾರಿಯಲ್ಲಿ ಲೋಕಪಾವನಿ ಹೊಳೆ ಅಡ್ಡ ಬರುತ್ತದೆ. ಹೊಳೆಯ ದಂಡೆಯವರೆಗೂ ನೆಲ ಸಮ, ಆಮೇಲೆ ಜೇಡಿಮಣ್ಣಿನ ಇಳಿಜಾರು. ಕೆಂಪಣ್ಣನ ಗಾಡಿ ಮುಂದೆ, ಅದರ ಪಕ್ಕದಲ್ಲಿ ಕಾಳಾಚಾರಿ, ಹಿಂದೆ ಸ್ವಲ್ಪ ದೂರದಲ್ಲಿ ಮಡಕೆ ಹೊತ್ತ ದೊಡ್ಡತಾಯಮ್ಮ. ಅರ್ಧ ದಾರಿಯಲ್ಲಿ ಅವಳ ಮೂಗಿಗೆ ವಾಸನೆ ಬಡಿಯಿತು. ಹರಳೆಣ್ಣೆ ಸೀಯುವ ವಾಸನೆ, ಅದರ ಹಿಂದೆ ಮರ ಕಂದುವ ವಾಸನೆ. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ. ಬಾಯಿ ತೆರೆಯಬೇಕಿತ್ತು. ಅವರೇ ಬಂದು ಕೇಳಲಿ, ಸುಮ್ಮನಿರು ಅಂದವರು ತಾನೇ, ಎಂದು ಹಲ್ಲು ಕಚ್ಚಿಕೊಂಡು ನಡೆದಳು. ಎಷ್ಟೋ ವರ್ಷ ಬೇಡದ ಕಡೆಯೆಲ್ಲ ಬೈದವಳು, ಬೈಯಲೇಬೇಕಾದ ಆ ಒಂದು ಗಳಿಗೆ ಬಾಯಿ ಬಿಡಲಿಲ್ಲ. ಈ ಕತೆ ಹೇಳುವಾಗ ನನಗೇ ಹೊಟ್ಟೆ ಉರಿಯುತ್ತದೆ.

ಇಳಿಜಾರಿನಲ್ಲಿ ಎಡಚಕ್ರ ಕಚ್ಚಿಕೊಂಡಿತು. ಗುಂಬದಿಂದ ಹೊಗೆ ಎದ್ದಿತು. ಬಲಚಕ್ರ ಉರುಳುತ್ತಿತ್ತು, ಎಡದ್ದು ನಿಂತಿತ್ತು. ಗಾಡಿ ಅಡ್ಡ ತಿರುಗಿತು. ಕೆಂಪಣ್ಣ ಕೂಗಿ ಎತ್ತಿನ ಕೊರಳಗಣ್ಣಿ ಬಿಚ್ಚಿದ, ಎತ್ತುಗಳು ಪಾರಾದವು. ಕಾಳಾಚಾರಿ ಸುತ್ತಿಗೆ ಹಿಡಿದು ಚಕ್ರದ ಬಳಿಗೆ ಓಡಿದ. ಅದು ಅವನ ಕೆಲಸ, ಅವನು ಕಟ್ಟಿದ ಚಕ್ರ. ಗಾಡಿ ವಾಲಿತು. ಮೇಲಿನ ಚಪ್ಪಡಿ ಜಾರಿ ಬಂದು ಅವನನ್ನು ಕೆಡವಿ, ಒದ್ದೆ ಜೇಡಿಮಣ್ಣಿನಲ್ಲಿ ಚಪ್ಪಟೆಯಾಗಿ ಕೂತಿತು. ಅವನ ಬಲಗಾಲು ಮೊಣಕಾಲಿನವರೆಗೆ ಅದರ ಅಡಿಯಲ್ಲಿತ್ತು.

ಮಡಕೆ ಎಲ್ಲಿ ಬಿತ್ತೋ ಅವಳಿಗೆ ನೆನಪಿಲ್ಲ. ಬರುವಷ್ಟರಲ್ಲಿ ಗಂಡಸರು ಚಪ್ಪಡಿಯ ಸುತ್ತ ನಿಂತು ಐಸಾ ಎಂದು ಒಟ್ಟಿಗೆ ಎತ್ತುತ್ತಿದ್ದರು. ಕಲ್ಲು ಬೆರಳುದ್ದ ಎದ್ದಂತೆ ಮಾಡಿ ಪಚಕ್ಕನೆ ಮತ್ತೆ ಕೂರುತ್ತಿತ್ತು. ಪ್ರತಿ ಸಲ ಕೂತಾಗಲೂ ಕಾಳಾಚಾರಿ ಚೀರುತ್ತಿದ್ದ. ಕಲ್ಲಿಗೂ ಜೇಡಿಗೂ ನಡುವೆ ಸಿಕ್ಕಿಕೊಂಡ ತೆಳ್ಳನೆಯ ಕೆಸರುನೀರು ಆ ಕಲ್ಲನ್ನು ಬಿಡಲೊಲ್ಲದೆ ಹಿಡಿದಿತ್ತು.

"ಜಗ್ಗಬ್ಯಾಡಿ! ಒಂದಂಚ ಎಬ್ಬಿಸಿ! ನೀರು ಬುಡಿ!"

ಯಾರೂ ತಿರುಗಲಿಲ್ಲ. ಅವಳು ಕೂಗುವುದು ಹೊಸದೇ? "ಆಚೆ ಕರ್ಕೊಂಡೋಗ್ರೋ ಆವಮ್ಮನ್ನ," ಎಂದು ಒಬ್ಬ ಅಂದ. ಮತ್ತೆ ಐಸಾ. ಮತ್ತೆ ಪಚಕ್. ಮತ್ತೆ ಚೀರಾಟ. ದೊಡ್ಡತಾಯಮ್ಮ ಬಗ್ಗಿ, ಹತ್ತಿರವಿದ್ದವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಬೊಬ್ಬೆ ಹೊಡೆದು ಕಲ್ಲು ಬಿಟ್ಟ. ಎಲ್ಲರೂ ಬಿಟ್ಟರು.

ಆಗ ಅವಳು ಮೆಲ್ಲಗೆ ಮಾತಾಡಿದಳು. ಆ ದನಿಯನ್ನು ಬಿಂಡಿಗನವಿಲೆಯವರು ಕೇಳಿದವರಲ್ಲ. ಬೈಗುಳಕ್ಕೆ ಹೆದರದವರು ಅದಕ್ಕೆ ಹೆದರಿದರು.

"ಗಡಾರಿ ತತ್ತಾ ಕೆಂಪಣ್ಣ. ಕಾಲಿನ ಕಡೀಕ್ ಬ್ಯಾಡ, ಈ ಕಡೆ ಮೂಲೆಗೆ ಕೊಡು. ಒಬ್ನೇ ಮೀಟು. ಜಗ್ಗುದ್ರೆ ಕೊಂದ್ಬುಡ್ತೀನಿ. ನೀನು, ಬಿಂದಿಗೇಲಿ ನೀರು ತಂದು ಆ ಸಂದೀಗೆ ಸಣ್ಣುಕೆ ಉಯ್ಯಿ. ನೀವಿಬ್ರೂ ಎದ್ದಷ್ಟಕ್ಕೂ ಕಲ್ಲು ಕೊಡ್ತಾ ಬನ್ನಿ, ಕೂರ್ದಂಗೆ."

ಕೆಂಪಣ್ಣ ಹಾರೆ ತೂರಿಸಿ ಮೀಟಿದ. ಕಲ್ಲು ಅಲುಗಲಿಲ್ಲ. ಒಂದು ಜೋರು ಎಳೆತಕ್ಕೆ ಅವನ ಮನಸ್ಸು ಹಾತೊರೆಯಿತು. "ಮೆಲ್ಲಗೆ," ಎಂದಳು. ಕಾಳಾಚಾರಿ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದ. "ಮೆಲ್ಲಗೆ," ಎಂದಳು ಮತ್ತೆ, ಹಲ್ಲು ಕಡಿಯುತ್ತ. ಒಳಗೆ ಅವಳಿಗೆ ಆ ಕಲ್ಲನ್ನು ಹಲ್ಲಿನಲ್ಲೇ ಕಿತ್ತೆಸೆಯಬೇಕೆನಿಸುತ್ತಿತ್ತು. ನೀರು ಸಂದಿಗೆ ಇಳಿಯಿತು. ಅಂಚಿನಲ್ಲಿ ಗುಳ್ಳೆ ಎದ್ದಿತು. ಮೂಲೆ ಒಂದಿಷ್ಟು ಬಿಟ್ಟುಕೊಂಡಿತು, ಆಮೇಲೆ ಇನ್ನೊಂದಿಷ್ಟು, ಆಮೇಲೆ ಇಡೀ ಕಲ್ಲು ನಿಟ್ಟುಸಿರು ಬಿಟ್ಟಂತೆ ಎದ್ದಿತು. ಕಾಳಾಚಾರಿಯನ್ನು ಎಳೆದುಕೊಂಡರು.

ಜೀವ ಉಳಿಯಿತು. ಕಾಲಿನ ಮೂಳೆ ಉಳಿದಿರಲಿಲ್ಲ. ಅದರಲ್ಲಿ ಎಷ್ಟು ಭಾಗ ಕಲ್ಲು ಬಿದ್ದಾಗ ಮುರಿಯಿತು, ಎಷ್ಟು ಭಾಗ ಆ ಐಸಾಗಳಲ್ಲಿ ಪುಡಿಯಾಯಿತು, ಯಾರು ಹೇಳಬೇಕು?

ದಂಡೆಯ ಮೇಲೆ, ಹೊಂಗೆಮರದ ಕೆಳಗೆ, ಬಿದಿರು ಸೀಳಿ ಕಾಲಿಗೆ ಕಟ್ಟಿದರು. ಉಳಿದ ಗಾಡಿಗಳು ಮೇಲಿನ ಸಮನೆಲದಲ್ಲಿ ಎತ್ತು ಬಿಚ್ಚಿ ನಿಂತಿದ್ದವು. ಪಾರುಪತ್ತೇಗಾರ ಕುದುರೆ ಇಳಿದು ಬಂದ. ಕಾಲು ನೋಡಿದ, ಬಾಯಲ್ಲಿ ಚ್ಚು ಚ್ಚು ಎಂದ. ಮಗುಚಿದ ಗಾಡಿಯನ್ನು ನೋಡಿ ಅದಕ್ಕಿಂತ ಹೆಚ್ಚು ಸಲ ಚ್ಚು ಚ್ಚು ಎಂದ.

"ಆಚಾರಿ ಇಲ್ಲೇ ಇರಲಿ, ಹೆಂಡತಿ ನೋಡಿಕೊಳ್ಳಲಿ. ಮಿಕ್ಕ ಗಾಡಿ ಹೂಡಿ. ಹೊತ್ತು ಮುಳುಗುವುದರೊಳಗೆ ಪಟ್ಟಣ ಸೇರಬೇಕು. ನನಗೂ ಮೇಲಿನವರಿದ್ದಾರೆ."

ದೊಡ್ಡತಾಯಮ್ಮ ಗಂಡನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡಳು. ಆ ಹೊತ್ತಿನಲ್ಲೂ ಅವನು ಅದನ್ನು ಬಿಟ್ಟಿರಲಿಲ್ಲ. ನೇರ ಎರಡನೆಯ ಗಾಡಿಯ ಬಳಿಗೆ ನಡೆದಳು. ಅಚ್ಚಿನ ತುದಿಯಲ್ಲಿ ಚಕ್ರ ಕಳಚಿಕೊಳ್ಳದಂತೆ ಹೊಡೆದಿರುವ ಕಬ್ಬಿಣದ ಗೂಟವೇ ಕಡಾಣಿ. ಕೆಳಗಿನಿಂದ ಒಂದು ಏಟು ಕೊಟ್ಟಳು, ಎಗರಿತು, ಮಡಿಲಿಗೆ ಹಾಕಿಕೊಂಡಳು. ಆ ಕಡೆಯದನ್ನೂ ಕಿತ್ತಳು. ಮೂರನೆಯ ಗಾಡಿ. ನಾಲ್ಕನೆಯದು. ಜನರಿಗೆ ಏನಾಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಸಾಲಿನ ಕೊನೆ ಮುಟ್ಟಿದ್ದಳು. ತುಂಬಿದ ಮಡಿಲನ್ನು ಎರಡು ಕೈಯಲ್ಲಿ ಹಿಡಿದು ಹೊಳೆಗಿಳಿದು ಸೊಂಟಮಟ್ಟದ ನೀರಿನಲ್ಲಿ ನಿಂತಳು. ಮಡಿಲು ತುಂಬುವುದು ಅಕ್ಕಿಯಿಂದ, ಬೆಲ್ಲದಿಂದ, ತೌರಿನವರು ಹರಸುವಾಗ. ಅವಳು ಅಂದು ತುಂಬಿಕೊಂಡದ್ದು ಕಬ್ಬಿಣ.

"ಈಗ ಹೂಡ್ರಯ್ಯ ಎತ್ತ!" ಎಂದು ಕೂಗಿದಳು. "ಎಲ್ಡೆಜ್ಜೆ ಓಗ್ಲಿ, ಚಕ್ರ ಒಂದ್ ಕಡೆ, ಗಾಡಿ ಒಂದ್ ಕಡೆ!"

ಪಾರುಪತ್ತೇಗಾರ ಚಾವಟಿ ಎತ್ತಿದ. "ಏಯ್, ಹೊರಗೆ ಬಾ! ಚರ್ಮ ಸುಲಿಸಿಬಿಡುತ್ತೇನೆ."

"ಸುಲಿಸಿ ಬುದ್ದಿ. ನೀವು ನೀರಿಗೆ ಕಾಲಿಡೋಷ್ಟ್ರಲ್ಲಿ ಇವೆಲ್ಲಾನೂ ಮಡುವಿಗೆ ಎಸ್ದಿರ್ತೀನಿ. ಆಮ್ಯಾಕೆ ನಿಮ್ ಮೇಲಿನವ್ರಿಗೆ ಏಳಿ, ಒಂದೆಂಗ್ಸು ನಿಮ್ ಕೋಟೇನ ಒಳೇಲಿ ಮುಳುಗ್ಸಿದ್ಲು ಅಂತ."

ಅವನು ನಿಂತ. ಎಲ್ಲರೂ ನಿಂತರು.

"ಏನು ಬೇಕು ನಿನಗೆ?"

"ಒಂದು ಗಾಡಿ ಕಲ್ಲು ಇಲ್ಲೇ ಇಳಿಸ್ಬೇಕು. ನಮ್ಮೆಜಮಾನ್ರ ಅದ್ರಾಗೆ ಮಲಗಿಸಿ ಊರಿಗೆ ಕಳಿಸ್ಬೇಕು. ಮಿಕ್ಕವು ಒಂದೊಂದ್ನೂ ಕೈಯಲ್ಲಿ ಅರ್ಧ ಸುತ್ತು ಇಂದಕ್ಕೆ ಉಳ್ಳಿಸ್ಬೇಕು. ಎಣ್ಣೆ ಬುಟ್ಟು ಆಮ್ಯಾಕೆ ಓಗ್ಬೇಕು."

"ಹೊರಟ ಗಾಡಿ ಹಿಂದಕ್ಕೆ..." ಎಂದು ಅವನು ಶುರು ಮಾಡಿದ.

"ಇಂದಕ್ಕೆ ಇಡಬಾರ್ದು ಅಂದ್ರಿ!" ದೊಡ್ಡತಾಯಮ್ಮನ ದನಿ ಆಚೆ ದಂಡೆಗೂ ಕೇಳಿತು. "ವಂಟ ಕಾಲು ಇಂದಕ್ಕೆ ಇಡಬಾರ್ದು ಅಂದ್ರಿ. ಅಗಾ, ಆ ಮರದ್ ಕೆಳೀಕ್ ನೋಡಿ. ನಿಮ್ ಮುಹೂರ್ತ ಕೇಳಿದ ಕಾಲು ಅಲ್ಲೈತೆ. ಅದು ಇಂದಕ್ಕೂ ಓಗಾಕಿಲ್ಲ, ಇನ್ ಮುಂದಕ್ಕೂ ಓಗಾಕಿಲ್ಲ!"

ಕೆಂಪಣ್ಣ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವನದೇ ಗಾಡಿ ಮಗುಚಿ ಬಿದ್ದಿತ್ತು. ಹಿಂದಿನ ಗಾಡಿಗೆ ಹೋಗಿ ಚಕ್ರಕ್ಕೆ ಭುಜ ಕೊಟ್ಟ. "ಬರ್ರಲಾ," ಎಂದ. "ಇಂದಕ್ಕೆ. ಮೆಲ್ಲಗೆ." ಒಬ್ಬೊಬ್ಬರಾಗಿ ಬಂದರು. ಅವಳು ಕಚ್ಚಿದವನೂ ಬಂದ, ಕೈಗೆ ಬಟ್ಟೆ ಸುತ್ತಿಕೊಂಡು. ಕಡಾಣಿಗಳನ್ನು ಅವಳು ಒಂದೊಂದಾಗಿ, ಚಕ್ರ ನೋಡಿ, ಎಣ್ಣೆ ಬಿಟ್ಟು, ಆಮೇಲೆ ಕೊಟ್ಟಳು. ಮಡಕೆ ಒಡೆದಿತ್ತು. ತಳದಲ್ಲಿ ಉಳಿದಿದ್ದನ್ನು ಬೆರಳಿನಲ್ಲಿ ಬಳಿದು ಬಳಿದು ಹಚ್ಚಿದಳು. ಪಾರುಪತ್ತೇಗಾರ ಆ ಹೊತ್ತೆಲ್ಲ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಹಿಂದಕ್ಕೆ ಸರಿದದ್ದನ್ನು ನೋಡದಿದ್ದರೆ ಅಪಶಕುನ ತಟ್ಟುವುದಿಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಅಲ್ಲಿ ಇಳಿಸಿದ ಚಪ್ಪಡಿಗಳು ಆಮೇಲೆ ಬಹಳ ಕಾಲ ಅಲ್ಲೇ ಬಿದ್ದಿದ್ದವು. ಹೊಳೆಗೆ ಬರುವ ಹೆಂಗಸರಿಗೆ ಬಟ್ಟೆ ಒಗೆಯಲು ಒಳ್ಳೆಯದಾಯಿತು.

ಊರಿಗೆ ಬಂದ ಮೇಲೆ ಕಾಳಾಚಾರಿ ಜಗಲಿ ಹಿಡಿದ. ಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ. ಆಶ್ಚರ್ಯವೆಂದರೆ ದೊಡ್ಡತಾಯಮ್ಮನ ಮನೆಯಿಂದ ದನಿಯೇ ಇಲ್ಲ. ಗಂಜಿ ಕೊಡುತ್ತಿದ್ದಳು, ಕಾಲಿಗೆ ಕಟ್ಟಿದ ಪಟ್ಟು ಬದಲಿ ಮಾಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಎದುರು ಮನೆಯ ಚಿಕ್ಕಬೋರಮ್ಮ ಬಂದು ಹಣೆ ಮುಟ್ಟಿ ನೋಡಿ, ಜ್ವರವೇನವ್ವ ಎಂದು ಕೇಳಿಹೋದಳು. ಇಡೀ ಮುಂಗಾರು ಹೀಗೇ ಕಳೆಯಿತು. ಅವಳಿಗೆ ಜಗತ್ತಿನ ಮೇಲಿದ್ದ ಸಿಟ್ಟೆಲ್ಲ ಒಳಕ್ಕೆ ತಿರುಗಿ ಅವಳನ್ನೇ ಕೆರೆಯುತ್ತಿತ್ತು.

ಒಂದು ಮಧ್ಯಾಹ್ನ, ಒಲೆಯ ಮೇಲಿನ ಹರಳೆಣ್ಣೆ ತಳ ಹಿಡಿದು ಸೀದ ವಾಸನೆ ಮನೆ ತುಂಬಿತು. ದೊಡ್ಡತಾಯಮ್ಮ ಮಡಕೆಯನ್ನು ಕೆಳಗಿಳಿಸಿ, ಸೌಟು ಹಿಡಿದೇ ಜಗಲಿಗೆ ಬಂದಳು.

"ಅವತ್ತು ವಾಸ್ನೆ ಬಂದಿತ್ತು ನಂಗೆ," ಎಂದಳು. "ಒಳೆಗೆ ಬರೋಕೂ ಮುಂಚೆ. ಗೊತ್ತಾಗೇ ಸುಮ್ಕಿದ್ದೆ. ನೀವು ಸುಮ್ಕಿರು ಅಂದ್ರಲ್ಲ, ಅದುಕ್ಕೆ. ನಿಮ್ ಕಾಲ ಮುರಿದೋಳು ನಾನು."

ಕಾಳಾಚಾರಿ ತನ್ನ ಸೊಟ್ಟ ಕಾಲನ್ನು ನೋಡಿದ.

"ನಂಗೂ ಬಂದಿತ್ತು ಕಣಮ್ಮಿ," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ನನ್ ಚಕ್ರ ಅಲ್ವಾ, ನಂಗ್ ಬರ್ದೆ ಇರ್ತದಾ? ಪಕ್ಕದಲ್ಲೇ ಇದ್ದೆ. ನಿಲ್ಸಿ ಅಂದ್ರೆ ಅವ್ರು ಏನಂದಾರೋ ಅಂತ... ನಿನ್ನೇ ಸುಮ್ಕಿರು ಅಂದ್ಬುಟ್ಟು ನಾನೆಂಗೆ ಬಾಯ್ ಬುಡ್ಲಿ ಅಂತ... ಸುಮ್ಕಿದ್ದೆ."

ಕೈಯಲ್ಲಿದ್ದ ಸೌಟು ಅಂಗಳದಾಚೆಗೆ ಹೋಗಿ ಬಿತ್ತು. ಆಮೇಲೆ ಶುರುವಾಯಿತು. ಅವನ ಕತ್ತನ್ನು ಬೈದಳು, ಅದರ ಹೂಂಗಳನ್ನು ಬೈದಳು, ಅವನನ್ನು ಹೆತ್ತವರನ್ನು, ತನ್ನನ್ನು ಕೊಟ್ಟವರನ್ನು, ರುಮಾಲನ್ನು, ಮುಹೂರ್ತವನ್ನು, ಕೋಟೆಯನ್ನು, ಅದರ ಕಲ್ಲು ಕಲ್ಲನ್ನು ಬೈದಳು. ತನ್ನನ್ನೂ ಬಿಡಲಿಲ್ಲ. ಕೇರಿಗೆ ಕೇರಿಯೇ ಬಂದು ಬೇಲಿಯ ಆಚೆ ನಿಂತಿತು. ಚಿಕ್ಕಬೋರಮ್ಮ, ಸದ್ಯ ಜ್ವರ ಬಿಟ್ಟಿತು ಎಂದಳು. ಕಾಳಾಚಾರಿ ಜಗಲಿಯ ಕಂಬಕ್ಕೆ ಒರಗಿ ಕೇಳುತ್ತ ಕೂತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸುಗ್ಗಿಯಲ್ಲಿ ಕೆಂಪಣ್ಣ ಹೊಸ ಗಾಡಿಗೆ ರಾಗಿ ಹೇರಿದ. ಹೇರಿದ ಗಾಡಿ ಎರಡು ದಿನ ಅವನ ಹಟ್ಟಿಯ ಮುಂದೆ ನಿಂತಿತ್ತು. ಹೊರಡುವ ಬೆಳಿಗ್ಗೆ ಎತ್ತು ಹೂಡದೆ, ಆಚಾರಿ ಕೇರಿಗೆ ನಡೆದು ಬಂದು ಜಗಲಿಯ ಮುಂದೆ ನಿಂತ. ಏನು ಕೇಳಬೇಕೋ ತಿಳಿಯದೆ ತಲೆ ಕೆರೆದುಕೊಂಡ. ದೊಡ್ಡತಾಯಮ್ಮ ಒಳಗೆ ರಾಗಿ ಬೀಸುತ್ತಿದ್ದಳು.

ಕಾಳಾಚಾರಿ ಕೋಲು ಊರಿಕೊಂಡು ಎದ್ದು ಬಾಗಿಲಿಗೆ ಬಂದ.

"ಕೆಂಪಣ್ಣ ವಂಟವ್ನೆ ಕಣಮ್ಮಿ," ಎಂದ. "ಬಾ, ಒಸಿ ಬೈ."